ಸ್ಪ್ಯಾನಿಷ್ ಭಾಷೆಯ ಮೊದಲ ಪಾಠ: ನಮ್ಮ ‘ಅಲ್ಲ’ ‘ಇಲ್ಲ’ಗಳ ಸಹಾಯದಿಂದ

ಸ್ಮರಣ ಸಂಚಿಕೆಗೆ ವ್ಯಾಕರಣ ವಿಷಯವಾಗಿ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಚಿಕೆಯ ಮಂಡಲಿಯವರು ಕೇಳಿದಾಗ, ಬಹು ವರ್ಷ ಈ ಶಾಲೆಯಲ್ಲಿ ಕನ್ನಡವನ್ನು ಹೇಳಿಕೊಟ್ಟವಳಿಂದ ಅವರು ಸಂಧಿ ಸಮಾಸಗಳನ್ನೇ ನಿರೀಕ್ಷಿಸಿದ್ದಿರಬೇಕು. ಆದರೆ ನಾನು ಬರೆಯ ಹೊರಟಿರುವುದು ಸ್ಪ್ಯಾನಿಷ್ ಭಾಷೆಯ ವಿಷಯವಾಗಿ. ಈ ವಯಸ್ಸಿನಲ್ಲಿ ಇವರಿಗೆ ಈ ಹುಚ್ಚೇಕೆಂದು ಪೂರ್ವ ವಿದ್ಯಾರ್ಥಿನಿಯರು ನಗುವರೆಂದು ಬಲ್ಲೆನು. ಅವರಲ್ಲಿಯೇ ಒಬ್ಬಳು ಇದಕ್ಕೆ ಕಾರಣಳು.

ಆಕೆ ದೇವದುರ್ಗ ತಾಲೂಕಿನ ಗೂಗಲ್ ಗ್ರಾಮದವಳು; ಕೃಷ್ಣಾ ನದಿಯ ದಂಡೆಯ ಊರು ಅದು. ನಮ್ಮ ವಸತಿಗೃಹದಲ್ಲಿದ್ದುಕೊಂಡು ಹತ್ತನೆಯ ತರಗತಿಯನ್ನು ಮುಗಿಸಿ, ದಾದಿಯ ಶಿಕ್ಷಣವನ್ನು ಪಡೆದು, ಈಗ ಗಡಿಯಾಚೆ ತೆಲುಗು ಸೀಮೆಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿಗೆ ಆಗಾಗ್ಗೆ ಸ್ಪೇನ್ ದೇಶದ ಅತಿಥಿಗಳು ಬರುವುದರಿಂದ ಅವರ ಭಾಷೆಯನ್ನು ಕಲಿಯತೊಡಗಿದಳು. ಒಂದು ಬೇಸಿಗೆಯ ರಜೆಯಲ್ಲಿ ನನ್ನನ್ನು ನೋಡಲು ಬಂದವಳು ತನ್ನ ಪಾಠಪುಸ್ತಕವನ್ನು ಮುಂದಿಟ್ಟು, “ಅಕ್ಕೋರ, ಇದನ್ನ ಇಂಗ್ಲಿಷಿನ್ಯಾಗ ಬರದಾರ. ಇಂಗ್ಲಿಷ್ ತಿಳೀತದ, ಸ್ಪ್ಯಾನಿಷ್ ಮಾತ್ರ ತಿಳೀವಲ್ದು” ಎಂದಳು. ಹತ್ತು ಹನ್ನೆರಡು ದಿನ ಇಬ್ಬರೂ ಕೂಡಿ ಆ ಪುಸ್ತಕವನ್ನು ಓದಿದೆವು. ಆಕೆ ಓದಿ ಹೇಳುವಳು. ನಾನು ಅಂಚಿನಲ್ಲಿ ಕನ್ನಡದಲ್ಲಿ ಬರೆಯುವೆನು. ಹಾಗೆ ಬರೆಯುತ್ತ ಹೋದಂತೆ ನನಗೆ ತೋರಿದ್ದೇನೆಂದರೆ, ಆಕೆಯನ್ನು ಎಡವಿಸುತ್ತಿದ್ದುದು ಸ್ಪ್ಯಾನಿಷ್ ಅಲ್ಲ, ನಡುವೆ ನಿಂತ ಇಂಗ್ಲಿಷ್. ಸ್ಪ್ಯಾನಿಷ್ ಎರಡು ಮಾತುಗಳನ್ನು ಬೇರೆ ಮಾಡುವ ಕಡೆ ಇಂಗ್ಲಿಷ್ ಒಂದೇ ಮಾತಿನಿಂದ ತೃಪ್ತಿಪಡುತ್ತದೆ. ನಮ್ಮ ಕನ್ನಡವೋ ಅಲ್ಲಿಯೂ ಎರಡನ್ನೇ ಇಟ್ಟುಕೊಂಡಿದೆ. ಆ ಅಂಚಿನ ಟಿಪ್ಪಣಿಗಳೇ ಈ ಪಾಠ.

ರಾಯಚೂರಿನವರಿಗೆ ಸ್ಪೇನ್ ಎಲ್ಲಿ, ನಾವೆಲ್ಲಿ ಎಂದು ತಂದೆತಾಯಂದಿರು ಕೇಳಬಹುದು. ಅಷ್ಟು ದೂರವೇನೂ ಇಲ್ಲ. ನಮ್ಮ ನಿಲ್ದಾಣದಲ್ಲಿ ರೈಲು ಹತ್ತಿ ಮಂತ್ರಾಲಯ ರೋಡ್, ಆದೋನಿ, ಗುಂತಕಲ್ಲುಗಳನ್ನು ದಾಟಿ ಗುತ್ತಿಯ ಮೇಲಿಂದ ಹೋದರೆ ಅನಂತಪುರ ಸಿಕ್ಕುತ್ತದೆ. 1920ರಲ್ಲಿ ಬಾರ್ಸಿಲೋನದಲ್ಲಿ ಹುಟ್ಟಿ, 1952ರಲ್ಲಿ ಭಾರತಕ್ಕೆ ಬಂದು, ಮೊದಲು ಮಹಾರಾಷ್ಟ್ರದ ಮನ್ಮಾಡದಲ್ಲಿ ರೈತರ ನಡುವೆ ಕೆಲಸ ಮಾಡಿದ ವಿಸೆಂತೆ ಫೆರೆರ್ ಎಂಬವರು 1969ರಲ್ಲಿ ಆ ಬರಗಾಲದ ಜಿಲ್ಲೆಗೆ ಬಂದು ನೆಲೆಸಿ, 2009ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಕಟ್ಟಿದ ಸಂಸ್ಥೆಯ ಶಾಲೆಗಳೂ, ಬತ್ತಲಪಲ್ಲಿಯ ಆಸ್ಪತ್ರೆಯೂ ಇಂದಿಗೂ ನಡೆದಿವೆ. ಸ್ಪೇನಿನ ಸಾವಿರಾರು ಕುಟುಂಬಗಳು ಅಲ್ಲಿಯ ಮಕ್ಕಳ ವಿದ್ಯಾಭ್ಯಾಸಕ್ಕೆ ಹಣ ಕಳುಹಿಸುತ್ತವೆ. ಕಾಗದಗಳು ಹೋಗಿ ಬರುತ್ತವೆ. ಅಲ್ಲಿಯ ಹಳ್ಳಿಯ ಹುಡುಗ ಹುಡುಗಿಯರಿಗೆ ಸ್ಪ್ಯಾನಿಷ್ ಭಾಷೆಯನ್ನು ಕಲಿಸುವ ಏರ್ಪಾಡೂ ಉಂಟು. ರಾಯದುರ್ಗ, ಮಡಕಶಿರಗಳ ಕಡೆಗೆ ಕನ್ನಡವನ್ನಾಡುವ ಮನೆಗಳು ಬಹಳ. ಇದು ನೆರೆಯ ಸಂಗತಿಯಾಯಿತು. ಲೋಕದ ಸಂಗತಿಯನ್ನು ನೋಡಿದರೆ ಸ್ಪೇನ್ ಮೊದಲ್ಗೊಂಡು ಮೆಕ್ಸಿಕೊ, ಪೆರು, ಅರ್ಜೆಂಟೀನ ಮುಂತಾದ 20 ದೇಶಗಳಲ್ಲಿ ಇದು ಆಡಳಿತದ ಭಾಷೆಯಾಗಿದೆ.

ವಿದೇಶದವರು ನಮ್ಮ ಭಾಷೆಯನ್ನು ಕಲಿತು ವ್ಯಾಕರಣ ಬರೆದುದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ವಿಲಿಯಂ ಕ್ಯಾರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ಕಿಟೆಲ್ ಪಂಡಿತರ ನಿಘಂಟು 1894ರಲ್ಲಿಯೂ, ವ್ಯಾಕರಣವು 1903ರಲ್ಲಿಯೂ ಹೊರಬಿದ್ದವು. ಅವರು ತಮ್ಮ ಭಾಷೆಯ ಕಿಟಕಿಯಿಂದ ನಮ್ಮ ಮನೆಯೊಳಗೆ ನೋಡಿದರು. ಈ ಸಲ ನಾವು ನಮ್ಮ ಕಿಟಕಿಯಿಂದ ನೋಡೋಣ.

ಮೊದಲು ಉಚ್ಚಾರಣೆ. ಸ್ಪ್ಯಾನಿಷಿನಲ್ಲಿ ಸ್ವರಗಳು ಐದೇ: ಆ, ಎ, ಇ, ಒ, ಉ. ಬರೆದಂತೆ ಓದುವುದು, ಓದಿದಂತೆ ಬರೆಯುವುದು. ಇಂಗ್ಲಿಷಿನಂತೆ ಒಂದು ಅಕ್ಷರಕ್ಕೆ ನಾಲ್ಕು ವೇಷಗಳಿಲ್ಲ. ಅವರ ತಕಾರ ದಕಾರಗಳು ನಮ್ಮ ತ, ದಗಳೇ, ಹಲ್ಲಿಗೆ ನಾಲಗೆ ತಾಗಿಸಿ ಹೇಳತಕ್ಕವು. ಇಂಗ್ಲಿಷಿನ ಅಭ್ಯಾಸದಿಂದ ಟ, ಡ ಎಂದು ಹೇಳಕೂಡದು. ಮಹಾಪ್ರಾಣಗಳಿಲ್ಲ. ಹಕಾರದ ಅಕ್ಷರವು ಬರವಣಿಗೆಯಲ್ಲಿದ್ದರೂ ಬಾಯಲ್ಲಿ ಬರುವುದಿಲ್ಲ. ‘ಹಾಲು’ ಎನ್ನುವ ಬದಲು ‘ಆಲು’ ಎಂದವರನ್ನು ನಾವು ತರಗತಿಯಲ್ಲಿ ತಿದ್ದುತ್ತಿದ್ದೆವು. ಸ್ಪೇನಿನಲ್ಲಿ ಅರಸನಾದಿಯಾಗಿ ಎಲ್ಲರೂ ಹಾಗೆಯೇ ಹಕಾರವನ್ನು ಬಿಡುತ್ತಾರೆ. ಆದರೆ ಗಂಟಲಿನಿಂದ ಹೊರಡುವ ಬೇರೊಂದು ಹಕಾರ ಅವರಲ್ಲಿದೆ. ಅದು ಉರ್ದುವಿನ ಖಬರ್, ಖುಷಿ ಎಂಬ ಮಾತುಗಳ ಮೊದಲಿನ ಧ್ವನಿಗೆ ಹತ್ತಿರವಾದುದು. ನಿಜಾಮರ ಕಾಲದಿಂದ ಉರ್ದು ಕೇಳಿ ಬೆಳೆದ ನಮ್ಮ ರಾಯಚೂರಿನವರಿಗೆ ಅದು ಕಷ್ಟವಾಗದು. ಮಗಳಿಗೆ ‘ಈಹಾ’ ಎನ್ನುತ್ತಾರೆ. ಅಲ್ಲಿ ಬರುವುದು ಈ ಹಕಾರ. ವಕಾರವಾಗಿ ಬರೆದುದನ್ನು ಬಕಾರವಾಗಿ ಓದುತ್ತಾರೆ. ವನವು ಬನವಾದ ತದ್ಭವ ಪ್ರಕರಣವನ್ನು ನೆನೆಸಿಕೊಳ್ಳಿರಿ.

ಎರಡು ಅಕ್ಷರಗಳ ವಿಷಯವಾಗಿ ನನಗೆ ವಿಶೇಷ ಪ್ರೀತಿ. ಚವರ್ಗದ ಕೊನೆಯಲ್ಲಿರುವ ‘ಞ’ವನ್ನು ಮೊದಲನೆಯ ತರಗತಿಯಲ್ಲಿ ತಿದ್ದಿ ತಿದ್ದಿ ಬರೆದವರು, ಆಮೇಲೆ ಜಕಾರದ ಕೆಳಗೆ ಒತ್ತಾಗಿಯಲ್ಲದೆ ಅದನ್ನು ಹೆಚ್ಚಾಗಿ ಕಾಣಲಿಲ್ಲ. ಪಾಪ, ಆ ಅಕ್ಷರಕ್ಕೆ ಸ್ಪ್ಯಾನಿಷಿನಲ್ಲಿ ಕೈತುಂಬ ಕೆಲಸವಿದೆ. ಹುಡುಗಿಗೆ ‘ನೀಞಾ’, ಅಮ್ಮನವರಿಗೆ ‘ಸೆಞೋರಾ’, ನಾಳೆಗೆ ‘ಮಾಞಾನಾ’, ದೇಶದ ಹೆಸರೇ ‘ಎಸ್ಪಾಞಾ’. ಇಂಗ್ಲಿಷಿನ ಲಿಪಿಯಲ್ಲಿ ಇದಕ್ಕೆ ಅಕ್ಷರವಿಲ್ಲ; ನಮ್ಮಲ್ಲಿ ಸಿದ್ಧವಾಗಿದೆ. ಇನ್ನೊಂದು ರೇಫ. ಅವರಲ್ಲಿ ಮೃದುವಾದ ರೇಫ ಒಂದು, ನಾಲಗೆಯನ್ನು ಅದುರಿಸಿ ಹೇಳುವ ಗಡುಸಾದ ರೇಫ ಇನ್ನೊಂದು. ‘ಪೇರೊ’ ಎಂದರೆ ಆದರೆ. ‘ಪೇಱೊ’ ಎಂದರೆ ನಾಯಿ. ಕರೆ ಎಂದರೆ ಕೂಗು, ಕಱೆ ಎಂದರೆ ಹಾಲು ಹಿಂಡು ಎಂದು ಹಳಗನ್ನಡವು ಶಕಟರೇಫದಿಂದ ಬೇರೆ ಮಾಡುತ್ತಿದ್ದುದನ್ನು ಓದಿದವರು ಇದನ್ನು ಮರೆಯಲಾರರು. ಅಂತೂ ನಾವು ಕಳೆದುಕೊಂಡ ಶಕಟರೇಫವನ್ನು ಅವರು ಜೋಪಾನ ಮಾಡಿಟ್ಟಿದ್ದಾರೆ.

ಒತ್ತಿನ ನಿಯಮ ಸುಲಭ. ಪದವು ಸ್ವರದಲ್ಲಿಯಾಗಲಿ, ನ್, ಸ್ ಎಂಬವುಗಳಲ್ಲಿಯಾಗಲಿ ಮುಗಿದರೆ ಕೊನೆಯದಕ್ಕೆ ಮುಂಚಿನ ಅಕ್ಷರಕ್ಕೆ ಒತ್ತು, ಇಲ್ಲವಾದರೆ ಕೊನೆಯದಕ್ಕೆ. ಈ ನಿಯಮಕ್ಕೆ ತಪ್ಪಿದ ಕಡೆ ಸ್ವರದ ಮೇಲೆ ಒಂದು ಗೀಟನ್ನು ಎಳೆದಿರುತ್ತಾರೆ.

ಇನ್ನು ಕ್ರಿಯಾಪದ. ‘ಬಂದೆನು’ ಎಂದರೆ ಸಾಕು, ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲ. ಆಖ್ಯಾತ ಪ್ರತ್ಯಯವೇ ಪುರುಷವನ್ನು ತಿಳಿಸುತ್ತದೆ. ಇಂಗ್ಲಿಷಿನಲ್ಲಿ ಇದು ಸಾಗದು, ಸ್ಪ್ಯಾನಿಷಿನಲ್ಲಿ ಸಾಗುತ್ತದೆ. ಮಾತನಾಡು ಎಂಬರ್ಥದ ಧಾತುವು ಹೀಗೆ ನಡೆಯುತ್ತದೆ: ಆಬ್ಲೊ, ಮಾತನಾಡುತ್ತೇನೆ, ಆಬ್ಲಾಸ್, ಮಾತನಾಡುತ್ತೀಯೆ, ಆಬ್ಲಾ, ಮಾತನಾಡುತ್ತಾನೆ ಅಥವಾ ಮಾತನಾಡುತ್ತಾಳೆ, ಆಬ್ಲಾಮೊಸ್, ಮಾತನಾಡುತ್ತೇವೆ, ಆಬ್ಲಾಯಿಸ್, ಮಾತನಾಡುತ್ತೀರಿ, ಆಬ್ಲಾನ್, ಮಾತನಾಡುತ್ತಾರೆ. ‘ಆಬ್ಲೊ ಕಾನಾರೆಸ್’ ಎಂದರೆ ಕನ್ನಡ ಮಾತನಾಡುತ್ತೇನೆ ಎಂದಾಯಿತು. ಮೂರನೆಯ ರೂಪದಲ್ಲಿ ಗಂಡೆಂದೂ ಹೆಣ್ಣೆಂದೂ ಭೇದವಿಲ್ಲವೆಂಬುದನ್ನು ಗಮನಿಸಿರಿ.

ಆ ಭೇದವು ಕ್ರಿಯಾಪದವನ್ನು ಬಿಟ್ಟು ನಾಮಪದಕ್ಕೆ ಹೋಗಿ ಕುಳಿತಿದೆ, ಅದೂ ಜೀವವಿಲ್ಲದ ವಸ್ತುಗಳಿಗೆಲ್ಲ. ಮನೆ ‘ಲಾ ಕಾಸಾ’, ಹೆಣ್ಣು. ಪುಸ್ತಕ ‘ಎಲ್ ಲೀಬ್ರೊ’, ಗಂಡು. ನದಿ ‘ಎಲ್ ರೀಯೊ’, ಅದೂ ಗಂಡು! ಕೃಷ್ಣೆಯನ್ನು ತಾಯಿಯೆನ್ನುವ ಊರಿನ ಹುಡುಗಿಗೆ ಇದು ಸರಿಬೀಳಲಿಲ್ಲ. ಕನ್ನಡದಲ್ಲಿ ಮೇಜು ಕುರ್ಚಿಗಳಿಗೆ ನಪುಂಸಕಲಿಂಗವೇ ಆದುದರಿಂದ ಇಲ್ಲಿ ನಮ್ಮ ಭಾಷೆ ನೆರವಾಗದು. ಹಿಂದಿ ಕಲಿತವರು ಪಟ್ಟ ಪಾಡನ್ನೇ ಮತ್ತೊಮ್ಮೆ ಪಡಬೇಕು. ಒಕಾರದಲ್ಲಿ ಮುಗಿಯುವವು ಹೆಚ್ಚಾಗಿ ಗಂಡು, ಆಕಾರದಲ್ಲಿ ಮುಗಿಯುವವು ಹೆಚ್ಚಾಗಿ ಹೆಣ್ಣು. ಕೈ ಎಂಬರ್ಥದ ‘ಲಾ ಮಾನೊ’, ದಿನವೆಂಬರ್ಥದ ‘ಎಲ್ ದೀಯಾ’ ಇವು ಅಪವಾದಗಳು. ನೀರು, ‘ಆಗ್ವಾ’, ಹೆಣ್ಣಾದರೂ ಅದರ ಹಿಂದೆ ‘ಲಾ’ ಬಾರದೆ ‘ಎಲ್’ ಬರುತ್ತದೆ. ಎರಡು ಆಕಾರಗಳು ಡಿಕ್ಕಿಹೊಡೆಯದಿರಲೆಂದು. ಇದರ ಕಾರಣವನ್ನು ಸಂಧಿ ಪ್ರಕರಣವನ್ನು ಓದಿದವರಿಗೆ ಹೇಳಬೇಕಾಗಿಲ್ಲ. ಗುಣವಾಚಕವು ನಾಮಪದದ ಲಿಂಗವನ್ನು ಅನುಸರಿಸುತ್ತದೆ: ಒಳ್ಳೆಯ ಹುಡುಗ ‘ಬ್ವೇನೊ’, ಒಳ್ಳೆಯ ಹುಡುಗಿ ‘ಬ್ವೇನಾ’. ಇಷ್ಟನ್ನು ಬಾಯಿಪಾಠ ಮಾಡದೆ ಗತ್ಯಂತರವಿಲ್ಲ.

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಇಂಗ್ಲಿಷಿನ ‘ಈಸ್’ ಎಂಬ ಒಂದು ಮಾತಿಗೆ ಸ್ಪ್ಯಾನಿಷಿನಲ್ಲಿ ಎರಡು ಧಾತುಗಳಿವೆ: ‘ಸೇರ್’ ಒಂದು, ‘ಎಸ್ತಾರ್’ ಇನ್ನೊಂದು. ಮೊದಲನೆಯದು ಸೋಯ್, ಏರೆಸ್, ಎಸ್, ಸೋಮೊಸ್, ಸೋಯಿಸ್, ಸೋನ್ ಎಂದು ನಡೆಯುತ್ತದೆ. ಎರಡನೆಯದು ಎಸ್ತೋಯ್, ಎಸ್ತಾಸ್, ಎಸ್ತಾ, ಎಸ್ತಾಮೊಸ್, ಎಸ್ತಾಯಿಸ್, ಎಸ್ತಾನ್ ಎಂದು. ಯಾವುದು ಎಲ್ಲಿ ಎಂಬುದೇ ಎಲ್ಲ ಹೊಸಬರ ತೊಡಕು. ನಮ್ಮ ಹುಡುಗಿಯ ಪುಸ್ತಕವು, ಸ್ಥಿರವಾದುದಕ್ಕೆ ಸೇರ್, ತಾತ್ಕಾಲಿಕವಾದುದಕ್ಕೆ ಎಸ್ತಾರ್ ಎಂದು ಹೇಳಿ ಮುಂದಕ್ಕೆ ಹೋಗಿತ್ತು. ಆಕೆ ಕೂಡಲೇ ಅದನ್ನು ಮುರಿದಳು. “ನಮ್ಮೂರು ಕೃಷ್ಣೀ ದಂಡಿ ಮ್ಯಾಲ ಐತಿ. ಅದು ಎಲ್ಲಿಗೂ ಹೋಗಾಂಗಿಲ್ಲ. ಆದ್ರ ಪುಸ್ತಕದಾಗ ಊರಿಗೆಲ್ಲ ಎಸ್ತಾರ್ ಹಾಕ್ಯಾರ, ಯಾಕ್ರಿ?” ಆಕೆಯ ಮಾತು ಸರಿಯೇ. ‘ಗೂಗಲ್ ಎಸ್ತಾ ಆ ಒರೀಯಾಸ್ ದೆಲ್ ಕೃಷ್ಣಾ’ ಎಂದೇ ಹೇಳತಕ್ಕದ್ದು. ಊರು ಎಷ್ಟೇ ಸ್ಥಿರವಾಗಿದ್ದರೂ ಇರವನ್ನು ಹೇಳುವಾಗ ಎಸ್ತಾರ್.

ಕನ್ನಡದಲ್ಲಿ ನಿಷೇಧ ಮಾಡಿ ನೋಡಿದೆವು. ಆಗ ಬಾಗಿಲು ತೆರೆಯಿತು. ‘ನಾನು ದಾದಿ’ ಎಂಬುದಕ್ಕೆ ನಿಷೇಧವೇನು? ‘ನಾನು ದಾದಿ ಅಲ್ಲ’. ‘ನಾನು ಮನೆಯಲ್ಲಿದ್ದೇನೆ’ ಎಂಬುದಕ್ಕೆ? ‘ನಾನು ಮನೆಯಲ್ಲಿ ಇಲ್ಲ’. ಯಾವ ಕೂಸೂ ಇವೆರಡನ್ನು ಅದಲು ಬದಲು ಮಾಡದು. ‘ನಾನು ದಾದಿ ಇಲ್ಲ’ ಎಂದರೆ ಎಲ್ಲರೂ ನಗುವರು. ಸರಿ, ಅಲ್ಲ ಬರುವ ಕಡೆ ಸೇರ್. ಇಲ್ಲ ಬರುವ ಕಡೆ ಎಸ್ತಾರ್. ‘ಸೋಯ್ ಎನ್ಫೆರ್ಮೇರಾ’, ನಾನು ದಾದಿ. ‘ಎಸ್ತೋಯ್ ಎನ್ ಕಾಸಾ’, ಮನೆಯಲ್ಲಿದ್ದೇನೆ. ಹಾಗೆಯೇ ‘ಸೋಯ್ ದೆ ಗೂಗಲ್’ ಎಂದರೆ ನಾನು ಗೂಗಲ್ಲಿನವಳು. ‘ಎಸ್ತೋಯ್ ಎನ್ ಗೂಗಲ್’ ಎಂದರೆ ಗೂಗಲ್ಲಿನಲ್ಲಿದ್ದೇನೆ. (ಮೊದಲನೆಯ ವಾಕ್ಯವನ್ನು ಆಕೆ ಅತಿಥಿಯೊಬ್ಬರಿಗೆ ಹೇಳಿದಾಗ ಅವರು ದೊಡ್ಡ ಕಂಪೆನಿಯ ನೌಕರಳೆಂದು ತಿಳಿದು ಬೆರಗಾದರಂತೆ. ಹೊಲ ಗದ್ದೆ ನದಿಗಳ ಚಿತ್ರವನ್ನು ತೋರಿಸಿ ಸಮಾಧಾನ ಹೇಳಬೇಕಾಯಿತು. ಹೆಸರಿನ ಮಟ್ಟಿಗೆ ನಮ್ಮ ಊರೇ ಹಿರಿಯದು.)

ಗುಣವಾಚಕಗಳಲ್ಲಿಯೂ ಈ ಕೀಲಿ ಬಹುಮಟ್ಟಿಗೆ ತಿರುಗುತ್ತದೆ. ‘ಹುಡುಗಿ ಒಳ್ಳೆಯವಳು’ ಎಂದಾಗ ಕನ್ನಡದಲ್ಲಿ ಕ್ರಿಯಾಪದವೇ ಬೇಡ. ಅಲ್ಲಿ ಸೇರ್: ‘ಲಾ ನೀಞಾ ಎಸ್ ಬ್ವೇನಾ’. ‘ನೀರು ತಣ್ಣಗಿದೆ’ ಎಂದಾಗ ‘ಇದೆ’ ಬಂದಿತು. ಅಲ್ಲಿ ಎಸ್ತಾರ್: ‘ಎಲ್ ಆಗ್ವಾ ಎಸ್ತಾ ಫ್ರೀಯಾ’. ಒಂದೇ ಗುಣವಾಚಕ ಎರಡು ಧಾತುಗಳೊಡನೆ ಬಂದು ಅರ್ಥ ಬದಲಾಯಿಸುವುದೂ ಉಂಟು. ‘ಲಾ ನೀಞಾ ಎಸ್ ಲೀಸ್ತಾ’ ಎಂದರೆ ಹುಡುಗಿ ಜಾಣೆ. ‘ಲಾ ನೀಞಾ ಎಸ್ತಾ ಲೀಸ್ತಾ’ ಎಂದರೆ ಹುಡುಗಿ ಸಿದ್ಧಳಾಗಿದ್ದಾಳೆ. ‘ಎಲ್ ಮಾಂಗೊ ಎಸ್ ಬೇರ್ದೆ’ ಎಂದರೆ ಆ ಮಾವಿನ ಬಣ್ಣ ಹಸಿರು. ‘ಎಸ್ತಾ ಬೇರ್ದೆ’ ಎಂದರೆ ಇನ್ನೂ ಕಾಯಿಯಾಗಿದೆ, ಉಪ್ಪು ಕಾರ ಹಚ್ಚಿ ತಿನ್ನಬೇಕು.

ಕೃದಂತಗಳಲ್ಲಿ ಹೋಲಿಕೆಯು ಇನ್ನೂ ಹತ್ತಿರವಾದುದು. ‘ಬರೆಯುತ್ತಿದ್ದಾಳೆ’ ಎಂಬುದನ್ನು ಬಿಡಿಸಿರಿ: ಬರೆಯುತ್ತ, ಇದ್ದಾಳೆ. ಸ್ಪ್ಯಾನಿಷಿನಲ್ಲಿ ‘ಎಸ್ತಾ ಎಸ್ಕ್ರಿಬಿಯೇಂದೊ’: ಇದ್ದಾಳೆ, ಬರೆಯುತ್ತ. ಕ್ರಮ ಮಾತ್ರ ತಿರುಗುಮುರುಗು. ‘ಬಾಗಿಲು ತೆರೆದಿದೆ’, ‘ಲಾ ಪ್ವೇರ್ತಾ ಎಸ್ತಾ ಆಬಿಯೇರ್ತಾ’. ‘ಕುಳಿತಿದ್ದಾಳೆ’, ‘ಎಸ್ತಾ ಸೆಂತಾದಾ’. ಇಲ್ಲೆಲ್ಲ ನಮ್ಮ ‘ಇರು’ ಧಾತುವಿನ ಕಡೆ ಎಸ್ತಾರ್ ನಿಂತಿದೆ. ಸತ್ತಿದ್ದಾಳೆ ಎಂಬುದಕ್ಕೆ ಕೂಡ ‘ಎಸ್ತಾ ಮ್ವೇರ್ತಾ’ ಎಂದೇ. ಸಾವಿಗಿಂತ ಸ್ಥಿರವಾದುದು ಏನಿದೆ? ಸ್ಥಿರ, ತಾತ್ಕಾಲಿಕ ಎಂಬ ಪುಸ್ತಕದ ನಿಯಮವು ಇಲ್ಲಿ ಪೂರ್ತಿಯಾಗಿ ಕುಸಿಯುತ್ತದೆ. ಕನ್ನಡದ ‘ಇರು’ ಕುಸಿಯುವುದಿಲ್ಲ.

ಕೀಲಿ ತಿರುಗದ ಬೀಗಗಳನ್ನೂ ಹೇಳಿಬಿಡುವೆನು. ‘ಅವಳು ಮನೆಯಲ್ಲಿ ಅಲ್ಲ, ಶಾಲೆಯಲ್ಲಿದ್ದಾಳೆ’ ಎಂದು ಒಂದನ್ನು ತೆಗೆದು ಇನ್ನೊಂದನ್ನು ಇಡುವಾಗ ಕನ್ನಡದಲ್ಲಿ ಅಲ್ಲ ಬರುತ್ತದೆ. ಸ್ಪ್ಯಾನಿಷಿನಲ್ಲಿ ಆಗಲೂ ಎಸ್ತಾರ್ ಬಿಡದು. ‘ಮನೆ ದೊಡ್ಡದಾಗಿದೆ’ ಎಂದು ನಾವು ಇದೆ ಸೇರಿಸಿ ಹೇಳುವುದುಂಟು. ಆದರೆ ‘ಮನೆ ದೊಡ್ಡದು’ ಎಂದು ಇದೆ ಇಲ್ಲದೆ ಹೇಳಲು ಸುಲಭವಾಗಿ ಬರುವುದರಿಂದ ಅಲ್ಲಿ ಸೇರ್ ಎಂದು ತಿಳಿಯತಕ್ಕದ್ದು. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂಬಲ್ಲಿ ನಮ್ಮದು ಇರು. ಅವರು ‘ತೇಂಗೊ ದೋಸ್ ಈಹೊಸ್’ ಎನ್ನುವರು, ಅಂದರೆ ಇಬ್ಬರು ಮಕ್ಕಳನ್ನು ಹೊಂದಿದ್ದೇನೆ. ಹಸಿವನ್ನೂ ಅವರು ಹೊಂದುತ್ತಾರೆ: ‘ತೇಂಗೊ ಆಂಬ್ರೆ’. ವಯಸ್ಸನ್ನೂ ಹಾಗೆಯೇ.

ಮೂರನೆಯದೊಂದು ಮಾತಿದೆ, ‘ಆಯ್’ ಎಂದು. ಬರಿಯ ಇರುವಿಕೆಯನ್ನು ಹೇಳತಕ್ಕದ್ದು. ಕನ್ನಡದಲ್ಲಿ ಪದಗಳ ಕ್ರಮವೇ ಇದರ ಕೆಲಸವನ್ನು ಮಾಡುತ್ತದೆ. ‘ಕೊಡದಲ್ಲಿ ನೀರಿದೆ’ ಎಂದರೆ ‘ಆಯ್ ಆಗ್ವಾ ಎನ್ ಎಲ್ ಕಾಂತಾರೊ’. ‘ನೀರು ಕೊಡದಲ್ಲಿದೆ’ ಎಂದರೆ ‘ಎಲ್ ಆಗ್ವಾ ಎಸ್ತಾ ಎನ್ ಎಲ್ ಕಾಂತಾರೊ’. ಮೊದಲನೆಯದು ನೀರು ಉಂಟೋ ಇಲ್ಲವೋ ಎಂದವರಿಗೆ ಉತ್ತರ. ಎರಡನೆಯದು, ತಂದ ನೀರೆಲ್ಲಿ ಎಂದವರಿಗೆ. ಇವೆರಡರ ನಿಷೇಧದಲ್ಲಿಯೂ ನಮ್ಮಲ್ಲಿ ‘ಇಲ್ಲ’ ಎಂಬ ಒಂದೇ ಮಾತು. ಅವರಲ್ಲಿ ‘ನೊ ಆಯ್’, ‘ನೊ ಎಸ್ತಾ’ ಎಂದು ಎರಡು. ಎಂದರೆ ನಮ್ಮ ‘ಇಲ್ಲ’ದ ಹೊಟ್ಟೆ ದೊಡ್ಡದು. ಅದರೊಳಗೆ ಇನ್ನೂ ಒಂದು ಅರ್ಥವಿದೆ. ನಮ್ಮ ಹುಡುಗಿ ಅದನ್ನು ಪುಸ್ತಕದಿಂದ ಕಲಿಯಲಿಲ್ಲ.

ಅದು ಆಕೆ ಭಾಷೆ ಕಲಿಯತೊಡಗಿದ ಮೊದಲ ವರ್ಷ. ಗಡಿಯ ಒಂದು ಹಳ್ಳಿಯಲ್ಲಿ, ಕನ್ನಡವನ್ನಾಡುವ ಒಂದು ಮನೆಗೆ, ಸ್ಪೇನಿನಿಂದ ಬಂದ ಹಿರಿಯ ಹೆಂಗಸೊಬ್ಬರನ್ನು ಕರೆದುಕೊಂಡು ಹೋಗಿದ್ದಳು. ಆ ಮನೆಯ ಕಿರಿಯ ಮಗಳನ್ನು ನೋಡಿ, ಚಹಾ ಕುಡಿದು, ಗೋಡೆಯ ಮೇಲಿದ್ದ ಪಟದಲ್ಲಿನ ದೊಡ್ಡ ಹುಡುಗಿಯನ್ನು ತೋರಿಸಿ, ಈಕೆ ಯಾರೆಂದು ಅತಿಥಿ ಕೇಳಿದರು. “ಹಿರೇ ಮಗಳು, ಆಕಿ ಇಲ್ರಿ” ಎಂದಳು ತಾಯಿ. ಹುಡುಗಿಯು ಪಾಠದಲ್ಲಿ ಕಲಿತಂತೆ ಇಲ್ಲಕ್ಕೆ ಎಸ್ತಾರ್ ಹಾಕಿ, ‘ಸು ಈಹಾ ನೊ ಎಸ್ತಾ’ ಎಂದಳು. ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲ. ಅವರ ಮಗಳು ಮನೆಯಲ್ಲ್ಲಿಲ್ಲವೆಂದು ತಿಳಿದ ಅತಿಥಿ ನಗುತ್ತ, ‘ಕ್ವಾಂದೊ ಬ್ವೇಲ್ಬೆ?’ ಎಂದರು, ಯಾವಾಗ ಹಿಂದಿರುಗುತ್ತಾಳೆ ಎಂದರ್ಥ. ನಾಲಗೆಯ ಓಟದಲ್ಲಿ ಹುಡುಗಿ ಅದನ್ನೂ ಕನ್ನಡಕ್ಕೆ ತಿರುಗಿಸಿಯೇ ಬಿಟ್ಟಳು: “ಯಾವಾಗ ಬರ್ತಾಳವ್ವಾ?” ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಎದ್ದು ಹೋದಳು. ಆಗಲೇ ಈಕೆಗೆ ಪಟಕ್ಕೆ ಹಾಕಿದ್ದ ಹಾರವು ಕಾಣಿಸಿದ್ದು.

ಆಮೇಲೆ ಅತಿಥಿಗೆ ತಿಳಿಯಹೇಳಿದಳು: ‘ಮುರಿಯೋ’, ತೀರಿಕೊಂಡಳು. ಆ ಹೆಂಗಸು ತಾನೂ ಒಳಗೆ ಹೋಗಿ, ತಾಯಿಯ ಕೈ ಹಿಡಿದುಕೊಂಡು, ‘ಲೊ ಸಿಯೇಂತೊ ಮೂಚೊ’ ಎಂದರಂತೆ. ಅದನ್ನು ಇಂಗ್ಲಿಷಿನ ‘ಸಾರಿ’ ಎಂದು ಪುಸ್ತಕದಲ್ಲಿ ಕೊಟ್ಟಿದ್ದಾರೆ. ಅಕ್ಷರಶಃ ಅರ್ಥವೇನೆಂದರೆ, ಅದು ನನ್ನ ಮನಸ್ಸಿಗೆ ಬಹಳವಾಗಿ ತಟ್ಟುತ್ತಿದೆ. ಹುಡುಗಿ ಅದನ್ನು ಕನ್ನಡಕ್ಕೆ ತಿರುಗಿಸಲಿಲ್ಲ, ತಿರುಗಿಸಬೇಕಾಗಿಯೂ ಬರಲಿಲ್ಲ.

ಇದನ್ನು ನನಗೆ ಹೇಳುವಾಗಲೂ ಆಕೆಯ ಮುಖ ಬಾಡಿತ್ತು. “ಅಲ್ಲ, ಇಲ್ಲ ಎರಡೂ ಸರಿ ಹಚ್ಚೀನಿ ಅಂತ ತಿಳಕೊಂಡಿದ್ದೆ ಅಕ್ಕೋರ” ಎಂದಳು. ನಾವು ಆ ಸಂಜೆ ನಿಘಂಟನ್ನು ಹುಡುಕಿದೆವು. ಸ್ಪ್ಯಾನಿಷಿನಲ್ಲಿಯೂ ಸಾವಿನ ಹೆಸರೆತ್ತದೆ ಮೆಲ್ಲಗೆ ಹೇಳುವ ರೀತಿಯೊಂದಿದೆ. ‘ನೊ ಎಸ್ತಾ’ ಎಂಬುದರ ಹಿಂದೆ ‘ಯಾ’ ಎಂಬೊಂದು ಚಿಕ್ಕ ಅವ್ಯಯವನ್ನು ಸೇರಿಸುತ್ತಾರೆ: ‘ಯಾ ನೊ ಎಸ್ತಾ’. ಈ ಯಾ ಎಂದರೆ ಇಲ್ಲಿ ಇನ್ನು, ಇನ್ನು ಮೇಲೆ ಎಂದು. ನಾವು ‘ಇನ್ನಿಲ್ಲ’ ಎನ್ನುವೆವಲ್ಲವೆ? ಪದಕ್ಕೆ ಪದ ಅದೇ. ಏಳು ಸಮುದ್ರಗಳಾಚೆಯ ಭಾಷೆಯೊಂದು ಇದನ್ನು ನಮ್ಮಂತೆಯೇ ಹೇಳುವುದೆಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಇಷ್ಟಾದರೂ ‘ಯಾ ನೊ ಎಸ್ತಾ’ ಎಂಬುದು ಹೊರಟುಹೋದಳು ಎಂಬರ್ಥವನ್ನೂ ಕೊಡಬಲ್ಲದಾದುದರಿಂದ, ಹೊಸಬರು ‘ಮುರಿಯೋ’ ಎಂದೇ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು.

ಇನ್ನು ಎರಡು ಸಂಗತಿಗಳನ್ನು ಬೇಗನೆ ಮುಗಿಸುವೆನು. ಒಂದು, ಚತುರ್ಥೀ ವಿಭಕ್ತಿ. ‘ನನಗೆ ಮಾವು ಇಷ್ಟ’ ಎಂಬಲ್ಲಿ ಇಷ್ಟಪಡುವವಳು ಕರ್ತೃವಲ್ಲ. ಇಂಗ್ಲಿಷ್ ಇದನ್ನು ಅರಿಯದು. ಸ್ಪ್ಯಾನಿಷ್ ಅರಿತಿದೆ: ‘ಮೆ ಗುಸ್ತಾ ಎಲ್ ಮಾಂಗೊ’. ‘ಮೆ’ ಎಂದರೆ ನನಗೆ. ‘ನನಗೆ ತಲೆ ನೋಯುತ್ತದೆ’, ‘ಮೆ ದ್ವೇಲೆ ಲಾ ಕಾಬೇಸಾ’. ನೋಯುವುದು ಹಲವಾದರೆ ಕ್ರಿಯಾಪದವೂ ಬಹುವಚನ: ಕಣ್ಣುಗಳು ನೋಯುತ್ತವೆ, ‘ಮೆ ದ್ವೇಲೆನ್ ಲೊಸ್ ಓಹೊಸ್’. ದಾದಿಯರಾಗಲಿರುವ ಹುಡುಗಿಯರು ಇದನ್ನೇ ಮೊದಲು ಕಲಿಯಲಿ.

ಇನ್ನೊಂದು ಮರ್ಯಾದೆ. ನೀನು ಎಂಬುದಕ್ಕೆ ‘ತೂ’; ಉರ್ದುವಿನ ತೂ ಗೊತ್ತಿರುವವರಿಗೆ ಇದು ಹೊಸದಲ್ಲ. ತಾವು ಎಂಬುದಕ್ಕೆ ‘ಉಸ್ತೇದ್’. ಇದು ಹಿಂದೆ ‘ತಮ್ಮ ಅನುಗ್ರಹ’ ಎಂಬರ್ಥದ ಎರಡು ಪದಗಳಾಗಿದ್ದು, ನಾಲಗೆಯಲ್ಲಿ ಸವೆದು ಸವೆದು ಒಂದಾದುದು. ‘ಸನ್ನಿಧಾನದವರು ದಯಮಾಡಿಸಬೇಕು’ ಎಂದು ಎದುರಿಗಿದ್ದವರನ್ನೇ ಪ್ರಥಮ ಪುರುಷದಲ್ಲಿ ಕರೆಯುವುದು ನಮ್ಮಲ್ಲಿರುವಂತೆ, ಉಸ್ತೇದಿಗೂ ಪ್ರಥಮ ಪುರುಷದ ಕ್ರಿಯಾಪದವೇ ಬರುತ್ತದೆ: ‘ಕೋಮೊ ಎಸ್ತಾ ಉಸ್ತೇದ್?’, ತಾವು ಹೇಗಿದ್ದೀರಿ? ಈಗಿನ ಸ್ಪೇನಿನಲ್ಲಿ ಪರಿಚಯವಿಲ್ಲದವರೂ ಬೇಗನೆ ತೂ ಎನ್ನುತ್ತಾರೆ. ಅದನ್ನು ಅವಮಾನವೆಂದು ಎಣಿಸಕೂಡದು. ನಮ್ಮ ಹುಡುಗಿಯರು ಮಾತ್ರ ಹಿರಿಯರಿಗೆ ಉಸ್ತೇದ್ ಎಂದೇ ಹೇಳಲಿ. ಇದು ಹಳೆಯ ಅಕ್ಕೋರ ಹಟವೆಂದಾದರೂ ತಿಳಿಯಿರಿ.

ಅಭ್ಯಾಸಕ್ಕೆ ಈ ಕೆಳಗಿನ ವಾಕ್ಯಗಳನ್ನು ಸ್ಪ್ಯಾನಿಷಿಗೆ ತಿರುಗಿಸಿರಿ. ನಾನು ರಾಯಚೂರಿನವಳು, ಈಗ ದೇವದುರ್ಗದಲ್ಲಿದ್ದೇನೆ. ಕೊಡದಲ್ಲಿ ನೀರಿಲ್ಲ. ನನ್ನ ತಾಯಿ ದಾದಿಯಲ್ಲ. ಹುಡುಗಿ ಜಾಣೆ, ಆದರೆ ಸಿದ್ಧಳಾಗಿಲ್ಲ. ನನಗೆ ಕಣ್ಣು ನೋಯುತ್ತವೆ. ನನ್ನ ಮಗಳು ಇಲ್ಲ. ತಾಯಿಗೆ ‘ಮಾದ್ರೆ’, ನನ್ನ ಎಂಬುದಕ್ಕೆ ‘ಮಿ’. ಉಳಿದ ಪದಗಳು ಬಹುಮಟ್ಟಿಗೆ ಮೇಲೆ ಬಂದಿವೆ. ಉತ್ತರಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಿದರೆ, ನಮ್ಮ ಗೂಗಲ್ಲಿನ ಹುಡುಗಿ ಮುಂದಿನ ರಜೆಯಲ್ಲಿ ಬಂದಾಗ ಇಬ್ಬರೂ ಕೂಡಿ ತಿದ್ದಿ ಹಿಂದಿರುಗಿಸುವೆವು. ಕೊನೆಯ ವಾಕ್ಯವನ್ನು ತಿರುಗಿಸುವ ಮೊದಲು, ಹೇಳಿದವರು ಯಾವ ಅರ್ಥದಲ್ಲಿ ಹೇಳಿದರೆಂಬುದನ್ನು ಉತ್ತರದ ಪಕ್ಕದಲ್ಲಿ ಬರೆಯತಕ್ಕದ್ದು.